ಎಡಗಡೆಯ ತೊಂಬತ್ತೆರಡು ಗಜ

ಸೂಜಿ ಒಳಗೆ ಹೋದದ್ದೇ ಗೊತ್ತಾಗಲಿಲ್ಲ ಎಂದು ಆ ಮುದುಕಿ ಹೊಗಳಿದಳು. ಅಷ್ಟಕ್ಕೇ ಬಿಡದೆ, ಇಷ್ಟು ಹಗುರವಾದ ಕೈ ಇರುವವನು ರಕ್ತ ತೆಗೆಯುವ ಕೆಲಸದಲ್ಲೇ ಯಾಕೆ ಇರಬೇಕು, ನರ್ಸಿಂಗ್ ಕಲಿಯಬಹುದಲ್ಲ, ವಯಸ್ಸೇನೂ ಮೀರಿಲ್ಲ ಎಂದಳು. ಗುರುರಾಜ ಹತ್ತಿಯ ಉಂಡೆಯನ್ನು ಅವಳ ಮೊಣಕೈ ಮಡಿಕೆಯಲ್ಲಿ ಒತ್ತಿ ಹಿಡಿದು ನಕ್ಕ. ಇಂಥ ಮಾತಿಗೆ ಎಷ್ಟು ನಗಬೇಕೋ ಅಷ್ಟೇ ನಗುವುದು ಹನ್ನೆರಡು ವರ್ಷದಲ್ಲಿ ಅವನಿಗೆ ರೂಢಿಯಾಗಿತ್ತು. ಗದಗಿನಲ್ಲಿ ಹತ್ತು ವರ್ಷ ಡಾಕ್ಟರಾಗಿದ್ದೆ ಎಂದು ಮೊದಮೊದಲು ಹೇಳಿಕೊಳ್ಳುತ್ತಿದ್ದ. ಕೇಳಿದವರ ಮುಖದಲ್ಲಿ ಮೊದಲು ಅನುಮಾನ ಮೂಡುತ್ತಿತ್ತು, ಆಮೇಲೆ ಕನಿಕರ. ಈ ದೇಶದ ಡಾಕ್ಟರಿಕೆಯ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ನಪಾಸಾದದ್ದನ್ನು, ಮೂರನೆಯ ಸಲ ಅರ್ಜಿ ತುಂಬಿಯೂ ಕಳಿಸದೆ ಉಳಿದದ್ದನ್ನು ಆ ಕನಿಕರ ಎಲ್ಲಿಂದಲೋ ಓದಿಕೊಂಡುಬಿಡುತ್ತಿತ್ತು. ಕೊನೆಗೆ ಹೇಳುವುದನ್ನೇ ಬಿಟ್ಟ. ಮುದುಕಿ ಕೋಟು ಹಾಕಿಕೊಳ್ಳುತ್ತಿರುವಾಗ ಅವನ ಜೇಬಿನಲ್ಲಿ ಫೋನು ನಡುಗಿತು.

ಶನಿವಾರ ಆಕ್ಲೆಂಡಿನ ದಕ್ಷಿಣದ ಪಾಪಟೋಟೊಯಿಯ ಆ ರಕ್ತಪರೀಕ್ಷೆಯ ಕೋಣೆ ಬೇಗ ಮುಚ್ಚುತ್ತದೆ. ಟ್ಯೂಬುಗಳಿಗೆ ಚೀಟಿ ಅಂಟಿಸಿ, ಪೆಟ್ಟಿಗೆ ತುಂಬಿಟ್ಟು, ಕೈ ತೊಳೆದುಕೊಂಡು ಆಮೇಲೆ ಅವನು ಫೋನನ್ನು ಕಿವಿಗೆ ಹಿಡಿದ. ಲೀಲಾ ಮಾತಾಡಿ ಕಳಿಸಿದ್ದಳು. "ಡಾಕ್ಟ್ರೇ, ಇವತ್ತು ನೀವು ಬರೋ ಹೊತ್ತಿಗೇ ಕ್ಲಬ್ಬಿನೋರೂ ಬರ್ತಿದಾರೆ, ಕೋಚ್ ಡೀನು, ಮತ್ತೆ ಸಿಯೋನೆ. ಫೈನಲ್ ದಿನದ ಹೊಸಾ ವಿಡಿಯೋ ಸಿಕ್ಕಿದ್ಯಂತೆ. ಸಿಯೋನೆ ತಂಗಿ ಹಳೇ ಫೋನಲ್ಲಿತ್ತಂತೆ, ಮೈದಾನದ ಗೆರೆ ಪಕ್ಕದಲ್ಲೇ ನಿಂತ್ಕೊಂಡು ತೆಗೆದಿದ್ದಂತೆ. ಚಿರು ನಿಮ್ಮ ಹತ್ರ ಮಾತಾಡ್ತಿರೋದು ಚೆನ್ನಾಗಿ ಕೇಳ್ಸತ್ತಂತೆ ಡಾಕ್ಟ್ರೇ. ಬೇಗ ಬನ್ನಿ." ಎರಡನೆಯ ಸಲ ಕೇಳಿದ. ಅವಳ ದನಿಯಲ್ಲಿದ್ದದ್ದು ಸಂತೋಷವೇ. ಅದರಲ್ಲಿ ಬೇರೇನಾದರೂ ಬೆರೆತಿದೆಯೇ ಎಂದು ಮೂರನೆಯ ಸಲ ಕೇಳಿದ. ಇರಲಿಲ್ಲ. ತೊಳೆದ ಕೈಯನ್ನು ಮತ್ತೆ ತೊಳೆದುಕೊಂಡ.

ಮನೆಯಲ್ಲಿ ಕಾರಿದ್ದರೂ ಶನಿವಾರ ಮಾತ್ರ ಅವನು ರೈಲಿನಲ್ಲೇ ಹೋಗುತ್ತಾನೆ. ನಗರದವರೆಗೆ ರೈಲು, ಅಲ್ಲಿಂದ ಸೇತುವೆ ದಾಟಿ ಲೀಲಾಳ ಮನೆಯಿರುವ ಆಲ್ಬನಿಗೆ ಬಸ್ಸು. ಆ ಎರಡು ತಾಸು ಅವನಿಗೆ ಬೇಕು. ಹೋಗಿ ಅವಳ ಮಗ ಚಿರಂತನನನ್ನು ಒಂದು ತಾಸು ತಿರುಗಾಡಿಸಿಕೊಂಡು ಬರುತ್ತಾನೆ. ಅವನ ಬಲಕ್ಕೇ ನಡೆಯುತ್ತಾನೆ, ದೀಪದ ಕಂಬ, ಕಸದ ಡಬ್ಬಿ, ಎದುರು ಬರುವ ಸೈಕಲ್ಲು ತಾಗದಂತೆ. ಅಷ್ಟು ಹೊತ್ತು ಲೀಲಾ ಮಲಗುತ್ತಾಳೆ. ವಾರದಲ್ಲಿ ಅವಳು ಕದ ಹಾಕಿಕೊಂಡು ಮಲಗುವುದು ಅದೊಂದೇ ತಾಸು. ಅವಳ ಗಂಡ ಕೆಲಸದ ನೆಪದಲ್ಲಿ ದೂರದ ಲೋವರ್ ಹಟ್ ಊರಿಗೆ ಹೋಗಿ ಎರಡು ವರ್ಷವಾಯಿತು. ತಿಂಗಳಿಗೊಮ್ಮೆ ಬಂದು ಮಗನನ್ನು ನೇರವಾಗಿ ನೋಡಲಾರದೆ ಹಿತ್ತಲಿನ ಹುಲ್ಲು ಕತ್ತರಿಸಿ ಹೋಗುತ್ತಾನೆ. ಅವನಿಗಿಂತ ನಾನು ವಾಸಿ ಎಂದು ಗುರುರಾಜನಿಗೆ ಎಷ್ಟೋ ಸಲ ಅನ್ನಿಸಿದೆ. ಹಾಗನ್ನಿಸಿದ್ದಕ್ಕೆ ಬಸ್ಸಿನಲ್ಲೇ ನಾಚಿದ್ದಾನೆ.

ರೈಲಿನ ಕಿಟಕಿಯಾಚೆ ಗೋದಾಮುಗಳು, ಬೇಲಿಗಳು, ಒಣಗಲು ಹಾಕಿ ಮರೆತ ಬಟ್ಟೆಗಳು ಹಿಂದಕ್ಕೆ ಸರಿಯುತ್ತಿದ್ದವು. ಡೀನನ ಆ ಕ್ಲಬ್ಬಿಗೆ ಗುರುರಾಜನನ್ನು ಸೇರಿಸಿದವಳು ಲೀಲಾಳೇ. ಅವಳ ಮಗ ಶಾಲೆಯಲ್ಲಿ ಕ್ರಿಕೆಟ್ ಆಡುತ್ತಿದ್ದ. ಬೌಂಡರಿಯಿಂದ ಅವನು ಎಸೆದ ಚೆಂಡು ನೆಲ ಮುಟ್ಟದೆ ಕೀಪರನ ಕೈ ಸೇರುವುದನ್ನು ನೋಡಿದ ಡೀನ್, ಈ ತೋಳು ಕ್ರಿಕೆಟ್ಟಿಗೆ ದಂಡ ಎಂದು ಅಮೆರಿಕದ ಫುಟ್‌ಬಾಲಿಗೆ ಎಳೆದುಕೊಂಡ. ತಂಡದ ಕ್ವಾರ್ಟರ್‌ಬ್ಯಾಕ್ ಅವನೇ. ಚೆಂಡು ಅವನ ಕೈಯಿಂದಲೇ ಹೊರಡಬೇಕು, ಯಾರು ಎತ್ತ ಓಡಬೇಕೆಂದು ಅವನೇ ಕೂಗಬೇಕು. ಆ ಹೆಲ್ಮೆಟ್ ಆಟ ನನ್ನಿಂದ ನೋಡಲಾಗದು ಎಂದು ಲೀಲಾ ಒಂದು ಆಟಕ್ಕೂ ಹೋದವಳಲ್ಲ. ಕನ್ನಡ ಕೂಟದ ಯುಗಾದಿ ಊಟದ ದಿನ ಗುರುರಾಜನ ಪಕ್ಕ ಕೂತು ಹೇಳಿದ್ದಳು: "ಅಲ್ಲಿ ಪೆಟ್ಟು ಬಿದ್ರೆ ನೋಡೋರು ಬೇಕಂತೆ ಡಾಕ್ಟ್ರೇ, ಸುಮ್ನೆ ಹೋಗಿ ನಿಂತ್ಕೊಂಡ್ರೆ ಸಾಕಂತೆ. ನೀವಲ್ಲಿದ್ರೆ ನಂಗೆ ಧೈರ್ಯ." ಇಡೀ ಆಕ್ಲೆಂಡಿನಲ್ಲಿ ಅವನನ್ನು ಡಾಕ್ಟರೇ ಎಂದು ಕರೆಯುತ್ತಿದ್ದವಳು ಅವಳೊಬ್ಬಳು. ಅವನು ಪ್ರಥಮ ಚಿಕಿತ್ಸೆಯ ಎರಡು ದಿನದ ತರಬೇತಿ ಮುಗಿಸಿ, ಹದಿನೆಂಟು ವರ್ಷದ ಹುಡುಗಿಯರ ಜೊತೆ ರಬ್ಬರಿನ ಬೊಂಬೆಯ ಎದೆ ಒತ್ತಿ, ಪ್ರಮಾಣಪತ್ರ ತಂದು ಕೊಟ್ಟ. ಮೊದಲ ದಿನವೇ ಆ ಆಜಾನುಬಾಹುಗಳೆಲ್ಲ 'ಡಾಕ್' ಎಂದರು. ಆ ಒಂದು ಪದಕ್ಕಾಗಿ ಅವನು ಮಳೆ ಬಿಸಿಲೆನ್ನದೆ ಎರಡು ಋತು ಗೆರೆಯ ಪಕ್ಕ ನಿಂತ. ನಿಜವಾದ ಫಿಸಿಯೋ ಒಬ್ಬನಿದ್ದ. ಫೈನಲ್ ದಿನ ಅವನ ಹೆಂಡತಿಗೆ ಹೆರಿಗೆ.

ಮೂರು ವರ್ಷದ ಹಿಂದಿನ ಆ ಫೈನಲ್ಲಿನ ಕೊನೆಯ ಎರಡು ನಿಮಿಷವನ್ನು ಈ ದೇಶದಲ್ಲಿ ಆ ಆಟ ಆಡುವವರೆಲ್ಲ ಬಲ್ಲರು. ಅದಕ್ಕೊಂದು ಹೆಸರೇ ಇದೆ, 'ಎಡಗಡೆಯ ಡ್ರೈವ್'. ಚೆಂಡನ್ನು ಯತ್ನದಿಂದ ಯತ್ನಕ್ಕೆ ಎದುರಾಳಿಯ ಗೆರೆಯತ್ತ ಒಯ್ಯುವುದೇ ಡ್ರೈವ್. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಚಿರಂತನನ ತಂಡ ನಾಲ್ಕು ಅಂಕ ಹಿಂದಿತ್ತು. ಚೆಂಡು ತಮ್ಮದೇ ಗೆರೆಯಿಂದ ಎಂಟು ಗಜದಲ್ಲಿತ್ತು. ಉಳಿದದ್ದು ಒಂದು ನಿಮಿಷ ನಲವತ್ತೆಂಟು ಸೆಕೆಂಡು, ಕ್ರಮಿಸಬೇಕಾದದ್ದು ತೊಂಬತ್ತೆರಡು ಗಜ. ಹನ್ನೊಂದು ಸಲ ಚೆಂಡೆಸೆದ. ಹನ್ನೊಂದೂ ಎಡಕ್ಕೆ. ಎರಡು ನೆಲಕ್ಕೆ ಬಿದ್ದವು, ಒಂಬತ್ತನ್ನು ಹಿಡಿದರು. ಈಗ ಬಲಕ್ಕೆ ಬಂದೇ ಬರುತ್ತದೆ ಎಂದು ಎದುರಾಳಿಗಳು ಪ್ರತಿ ಸಲವೂ ಬಲಗಡೆ ಜನ ನಿಲ್ಲಿಸಿಕೊಂಡರು, ಬರಲೇ ಇಲ್ಲ. ನಾಲ್ಕು ಸೆಕೆಂಡು ಉಳಿದಿರುವಾಗ ಎಡಮೂಲೆಯಲ್ಲಿ ಸಿಯೋನೆ ಇಬ್ಬರ ನಡುವೆ ಎಗರಿ ಹಿಡಿದ, ಆರು ಅಂಕ ಸಿಕ್ಕಿ ತಂಡ ಗೆದ್ದಿತು. ಆ ಹುಡುಗ ಎದುರಾಳಿಗಳ ತಲೆಯೊಳಗೆ ಕೂತು ಆಡಿದ ಎಂದು ಡೀನ್ ಹೋದಲ್ಲೆಲ್ಲ ಹೇಳಿದ. ಮೈದಾನದಲ್ಲಿ ಬಂದವರೆಲ್ಲ ಕುಣಿದರು, ಯಾರೋ ಗುರುರಾಜನನ್ನೂ ಎತ್ತಿದರು. ಅರ್ಧ ತಾಸಿನ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಚಿರಂತನ್ ವಾಂತಿ ಮಾಡಿ ಕುಸಿದ. ಮೆದುಳಿನಲ್ಲಿ ರಕ್ತಸ್ರಾವ ಎಂದು ಆಂಬುಲೆನ್ಸಿನವರಿಗೆ ಕೂಗಿ ಹೇಳಿದವನು ಗುರುರಾಜನೇ. ಹಾಗೆ ಹತ್ತು ನಿಮಿಷ ಉಳಿದದ್ದರಿಂದ ಜೀವ ಉಳಿಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಲೀಲಾ ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಿದ್ದಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

ಬಸ್ಸು ಸೇತುವೆ ಏರಿತು. ಕೆಳಗೆ ಜುಲೈ ತಿಂಗಳ ಬೂದು ನೀರು. ಡೀನನಿಗೆ ಒಂದು ಸಂದೇಶ ಬರೆದ: ಗೆರೆ ಪಕ್ಕದ ಭಾಗ ತೋರಿಸಬೇಡಿ, ತಾಯಿಗೆ ತಡೆದುಕೊಳ್ಳಲಾಗುವುದಿಲ್ಲ. ಓದಿ ನೋಡಿದ. 'ತಾಯಿಗೆ' ಎಂದು ಬರೆದ ತನ್ನ ಬೆರಳಿನ ಮೇಲೆ ಅಸಹ್ಯ ಹುಟ್ಟಿ ಅಳಿಸಿದ. ಸೇತುವೆ ಇಳಿಯುವಾಗ ಮತ್ತೆ ಅದನ್ನೇ ಬರೆದ, ಮತ್ತೆ ಅಳಿಸಿದ.

ಆಟ ಮುಗಿಯಲು ಎಂಟು ನಿಮಿಷ ಇದ್ದಾಗ ಚಿರಂತನನ ತಲೆ ನೆಲಕ್ಕೆ ಬಡಿದಿತ್ತು. ಹೆಲ್ಮೆಟ್ಟಿನ ಎಡಬದಿ. ಎಬ್ಬಿಸಿ ತಂದು ಹುಲ್ಲಿನ ಮೇಲೆ ಕೂರಿಸಿದರು. ಗುರುರಾಜ ಮಂಡಿಯೂರಿ, ತರಬೇತಿಯಲ್ಲಿ ಕಲಿಸಿಕೊಟ್ಟಿದ್ದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಕೇಳಿದ: ಇದು ಯಾವ ಮೈದಾನ, ಮೊದಲರ್ಧವೋ ಎರಡನೆಯದೋ, ಕೊನೆಗೆ ಅಂಕ ಗಳಿಸಿದವರು ಯಾರು? ಹುಡುಗ ಅವನನ್ನೇ ನೋಡಿದ. ಇಪ್ಪತ್ತೆರಡು ವರ್ಷದ ಆ ಹುಡುಗ ಇಲ್ಲೇ ಹುಟ್ಟಿದವನು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದವನು. ಅವನ ಬಾಯಿಂದ ಗುರುರಾಜ ಕನ್ನಡ ಕೇಳಿದ್ದೇ ಇಲ್ಲ. ಆ ದಿನ ಅವನು ಕನ್ನಡದಲ್ಲಿ ಮಾತಾಡಿದ. ಮೈಸೂರಿನ ಕನ್ನಡ, ತಾಯಿಯದೇ ರಾಗ, ನಾಲ್ಕು ವರ್ಷದ ಮಗುವಿನ ಹಾಗೆ. ಹತ್ತು ವರ್ಷ ಡಾಕ್ಟರಾಗಿದ್ದವನಿಗೆ ಅದು ಏನೆಂದು ಗೊತ್ತಾಗಲು ಹತ್ತು ಸೆಕೆಂಡೂ ಬೇಕಿರಲಿಲ್ಲ. ಡೀನ್ ಬಗ್ಗಿ, "ವಾಟ್ಸ್ ಹಿ ಸೇಯಿಂಗ್, ಡಾಕ್?" ಎಂದ. ಹುಡುಗನ ಬದಲಿಗೆ ಆಡಬಲ್ಲವನು ಬೇರೆ ಯಾರೂ ಇರಲಿಲ್ಲ. ತಲೆಗಳೆಲ್ಲ ಇತ್ತ ತಿರುಗಿದ್ದವು. "ಯುವರ್ ಕಾಲ್, ಡಾಕ್," ಎಂದ ಡೀನ್. ಒಂಬತ್ತು ವರ್ಷದಿಂದ ಯಾರೂ ಅವನ ತೀರ್ಮಾನಕ್ಕಾಗಿ ಕಾದಿರಲಿಲ್ಲ. ಬೇಡ ಎಂದರೆ ಇವರ ಫೈನಲ್ಲನ್ನು ಕಳೆದ ಆ ಇಂಡಿಯನ್ ಆಗುತ್ತೇನೆ ಎಂಬುದು ಅವನಿಗೆ ಥಟ್ಟನೆ ಹೊಳೆಯಿತು. ಹೊಳೆಯಿತು ಎಂಬುದೇ ಅವನ ಪಾಪ. "ಹಿ ಸೇಸ್ ಹಿ ಈಸ್ ಫೈನ್" ಎಂದ. ಆರು ನಿಮಿಷದ ಮೇಲೆ ಚೆಂಡು ಇವರ ಕೈಗೆ ಬಂದಾಗ ಡೀನ್ ಇನ್ನೊಮ್ಮೆ ಅವನ ಕಡೆ ನೋಡಿದ. ಗುರುರಾಜ ತಲೆಯಾಡಿಸಿದ. ಹಾಗೆ ನೋಡಿದರೆ ಅವನು ಎರಡು ಸಲ ಹೇಳಿದ. ಆಮೇಲೆ ಲೀಗಿನವರು ವರದಿ ಕೇಳಿದಾಗ, ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಕೊಟ್ಟ ಎಂದು ಬರೆದು ಸಹಿ ಹಾಕಿದ. ಅದು ಮೂರನೆಯದು. ಹೆಂಡತಿಗೂ ಹೇಳಲಿಲ್ಲ.

ಎರಡೂವರೆಗೇ ಲೀಲಾಳ ಮನೆ ತಲುಪಿದ. ಅವರು ಬರುವ ಮೊದಲು ಹೇಳಿಬಿಡಬೇಕು ಎಂದು ನಿಲ್ದಾಣದಿಂದ ಬಿರಬಿರನೆ ನಡೆದಿದ್ದ. ಲೀಲಾ ತಲೆ ಬಾಚಿಕೊಂಡು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಅವಳನ್ನು ಸೀರೆಯಲ್ಲಿ ನೋಡಿ ಬಹಳ ದಿನವಾಗಿತ್ತು. ಮೇಜಿನ ಮೇಲೆ ಕೋಡುಬಳೆ ಇತ್ತು. ಚಿರಂತನ್ ಉಣ್ಣೆಯ ಟೋಪಿ ಹಾಕಿಕೊಂಡು, ಬೂಟು ಕಟ್ಟಿಕೊಂಡು ಸೋಫಾದ ಬಲತುದಿಯಲ್ಲಿ ಕೂತಿದ್ದ. ಆ ತುದಿಯಲ್ಲಿ ಕೂತರೆ ಕೋಣೆಯೆಲ್ಲ ಅವನ ಎಡಕ್ಕೆ ಬರುತ್ತದೆ.

"ಅಕ್ಕಾರ, ಒಂದು ಮಾತು ಹೇಳೂದಿತ್ತರಿ."

"ಹೇಳಿ ಡಾಕ್ಟ್ರೇ. ಅಷ್ಟರಲ್ಲಿ ಈ ಟೀವಿಗೆ ಫೋನ್ ಹೆಂಗೆ ಸೇರ್ಸೋದು ಒಂಚೂರು ನೋಡಿ, ನಂಗೆ ಬರೋಲ್ಲ." ಅವಳು ರಿಮೋಟನ್ನು ಅವನ ಕೈಗಿಟ್ಟಳು. "ಅವ್ನ ಹಳೇ ದನಿ ನನ್ನ ಹತ್ರ ಒಂದೂ ಇಲ್ಲ ಗೊತ್ತಾ? ಎಲ್ಲಾ ಫೋಟೋನೇ. ಮೊದ್ಲು ಹೆಂಗೆ ಮಾತಾಡ್ತಿದ್ದ ಅಂತ ಈಗೀಗ ರಾತ್ರಿ ನೆನಪು ಮಾಡ್ಕೊಂಡ್ರೆ ಬರೋದೇ ಇಲ್ಲ. ಹೆತ್ತೋಳಿಗೆ ಮರ್ತೋಗತ್ತಾ ಡಾಕ್ಟ್ರೇ?"

"ಇಲ್ಲರೀ, ಹಂಗೇನಿಲ್ಲ," ಎಂದ ಗುರುರಾಜ. ರಿಮೋಟಿನ ಗುಂಡಿಗಳನ್ನು ಒತ್ತುತ್ತ ನಿಂತ. ಹೇಳಲು ಬೇಕಾದದ್ದು ಒಂದೇ ವಾಕ್ಯ. ಅದು ಬಾಯಿಗೆ ಬಂತು ಅನ್ನುವಷ್ಟರಲ್ಲಿ ಹೊರಗೆ ಡೀನನ ಪಿಕಪ್ ಗಾಡಿ ಬಂದು ನಿಂತ ಸದ್ದಾಯಿತು. ಆ ಸದ್ದಿಗೆ ತನಗೆ ಒಂದು ಕ್ಷಣ ನಿರಾಳವಾಯಿತು ಎಂಬುದನ್ನು ಅವನು ಗಮನಿಸಿದ.

ಡೀನ್ ಬಾಗಿಲಲ್ಲೇ ಅವನ ಬೆನ್ನು ತಟ್ಟಿದ. ಸಿಯೋನೆ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಬಂದು ಚಿರಂತನನ ಎಡಕ್ಕೆ ಕೂತು, ಅವನ ಕೈಯನ್ನು ತನ್ನ ಅಗಲವಾದ ಅಂಗೈಯಲ್ಲಿ ಇಟ್ಟುಕೊಂಡ. ಕೋಡುಬಳೆಯನ್ನು ಸದ್ದಾಗದಂತೆ ಕಡಿಯಲು ಒದ್ದಾಡಿದ. ವಿಡಿಯೋ ಹಚ್ಚಿದರು. ಮೊದಲು ಪರದೆಯ ತುಂಬ ಹುಲ್ಲು, ಯಾರದೋ ಬೂಟು, ನೀರು ಕುಡಿಯುತ್ತಿರುವ ಸಿಯೋನೆ. ಅವನ ತಂಗಿಯ ನಗು ಕೇಳಿಸಿತು. ಫೋನು ಪಕ್ಕಕ್ಕೆ ತಿರುಗಿತು. ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಚಿರಂತನ್, ಅವನ ಮುಂದೆ ಮಂಡಿಯೂರಿದ ಒಬ್ಬ ಮನುಷ್ಯನ ಬೆನ್ನು. ಆ ಬೆನ್ನು ಎಷ್ಟು ಸಣ್ಣದಿತ್ತು ಎಂದು ಗುರುರಾಜ ನೋಡಿದ. ಬೆನ್ನು ಏನನ್ನೋ ಕೇಳಿತು. ಆಮೇಲೆ ಹುಡುಗನ ದನಿ, ಗಾಳಿಯ ಸದ್ದಿನ ಮೇಲೆ ಸ್ಪಷ್ಟವಾಗಿ:

"ಬಲಗಡೆ ಏನೂ ಕಾಣಿಸ್ತಿಲ್ಲ ಅಂಕಲ್. ಅಮ್ಮಂಗೆ ಹೇಳ್ಬೇಡಿ."

"ಕನ್ನಡ!" ಎಂದಳು ಲೀಲಾ. ಅವಳ ಮುಖ ಅರಳಿಬಿಟ್ಟಿತು. "ನೋಡಿ ಡಾಕ್ಟ್ರೇ, ಕನ್ನಡ ಮಾತಾಡಿದಾನೆ! ಸಿಯೋನೆ, ಅಗೇನ್, ಒನ್ ಮೋರ್ ಟೈಮ್ ಪ್ಲೀಸ್." ಸಿಯೋನೆ ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದ. ಎರಡನೆಯ ಸಲ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಕಣ್ಣು ತೆರೆದಾಗಲೂ ನಗು ಇತ್ತು, ಆದರೆ ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ ಇತ್ತು. "ಅಗೇನ್," ಎಂದಳು. ಮೂರನೆಯ ಸಲ ಮುಗಿದಾಗ ಅವಳ ನಗು ಹೋಗಿತ್ತು. ಡೀನ್ ಒಳ್ಳೆಯ ಮನುಷ್ಯ. ಅವಳಿಗೆ ಸಮಾಧಾನವಾಗಲೆಂದು ಹೇಳಿದ: ಅವನು ಏನಂದ ಎಂದು ನನಗೆ ಆಗಲೂ ಅರ್ಥವಾಗಲಿಲ್ಲ ಲೀಲಾ, ಡಾಕ್‌ನನ್ನೇ ಕೇಳಿದೆ, ಫೈನ್ ಅಂತಿದಾನೆ ಅಂತ ಡಾಕ್ ಹೇಳಿದ, ಅದೇ ಅಲ್ಲವೇ ಡಾಕ್?

ಲೀಲಾ ಕತ್ತು ತಿರುಗಿಸಿ ಗುರುರಾಜನನ್ನು ನೋಡಿದಳು. ಕೋಪ ಬರುತ್ತದೆ ಎಂದು ಅವನು ಕಾದ. ಅವಳು ಅವನ ಮುಖವನ್ನು ಓದುತ್ತಿದ್ದಳು, ಎಲ್ಲಾದರೂ ಒಂದು ಕಡೆ ಬೇರೆ ಅರ್ಥ ಸಿಕ್ಕೀತೇನೋ ಎಂಬಂತೆ. ಅಷ್ಟು ಹೊತ್ತು ಅವಳು ಅವನಿಗೆ ಅವಕಾಶ ಕೊಟ್ಟಳು.

"ಅವ್ರಿಗೆ ಹೇಳಿ," ಎಂದಳು ಕೊನೆಗೆ. "ಅವ್ನು ಏನಂದ ಅಂತ ಅವ್ರಿಗೆ ಇಂಗ್ಲಿಷಲ್ಲಿ ಹೇಳಿ."

ಗುರುರಾಜ ಹೇಳಿದ. ಎರಡು ಸಣ್ಣ ವಾಕ್ಯ. ಎರಡನೆಯದನ್ನು ಹೇಳುವಾಗ ದನಿ ಒಡೆಯಿತು. ಒಡೆದದ್ದು ತನಗಾಗಿಯೋ ಹುಡುಗನಿಗಾಗಿಯೋ ಅವನಿಗೆ ತಿಳಿಯಲಿಲ್ಲ, ಹಾಗಾಗಿ ನಿಲ್ಲಿಸಿ, ದನಿ ಸರಿಮಾಡಿಕೊಂಡು ಮತ್ತೆ ಹೇಳಿದ. ಡೀನ್ ಎದ್ದು ನಿಂತ, ಕೂತ, ಅಂಗೈಯಿಂದ ಮುಖ ಒರೆಸಿಕೊಂಡ. ನಾವೆಲ್ಲ ಇದ್ದೆವಲ್ಲ ಅಲ್ಲಿ, ನಮಗೆಲ್ಲ ಅವನು ಆಡಬೇಕಿತ್ತು ಎಂದ ಯಾರಿಗೆಂದಿಲ್ಲದೆ. ಸಿಯೋನೆ ಮಾತ್ರ ಪರದೆಯನ್ನೇ ನೋಡುತ್ತಿದ್ದ. ನಿಲ್ಲಿಸುವುದನ್ನು ಎಲ್ಲರೂ ಮರೆತಿದ್ದರು; ವಿಡಿಯೋ ತನ್ನಷ್ಟಕ್ಕೆ ಓಡಿ, ತಂಗಿ ಆಮೇಲೆ ತೆಗೆದ ತುಣುಕಿನಲ್ಲಿ ಡ್ರೈವ್ ಶುರುವಾಗಿತ್ತು. ಮೊದಲನೆಯದು ಎಡಕ್ಕೆ. ಎರಡನೆಯದು ಎಡಕ್ಕೆ. ಬಲಗಡೆ ಇವರದೇ ಒಬ್ಬ ಆಟಗಾರ ಕಾವಲಿನವರನ್ನು ತಪ್ಪಿಸಿಕೊಂಡು ನಿಂತು ಎರಡೂ ಕೈ ಎತ್ತಿ ಬೀಸುತ್ತಿದ್ದ. ಸಿಯೋನೆಯ ತುಟಿ ಅಲುಗಿತು. ನನ್ನನ್ನು ನಂಬಿ ಎಸೆದ ಅಂದುಕೊಂಡಿದ್ದೆ ಎಂದ ಮೆಲ್ಲಗೆ. ತಟ್ಟೆಯನ್ನು ನೆಲದ ಮೇಲಿಟ್ಟು ತಲೆ ತಗ್ಗಿಸಿದ. ಆ ದೊಡ್ಡ ಹೆಗಲು ಕುಲುಕಾಡುವುದನ್ನು ನೋಡಲಾರದೆ ಗುರುರಾಜ ಕಿಟಕಿಯತ್ತ ತಿರುಗಿದ. ಆಗ ಕೇಳಿಸಿದ್ದು ಚಿರಂತನನ ನಗು. ಅವನು ಪರದೆಯತ್ತ ಬಗ್ಗಿ, ಒಂದೊಂದು ಎಸೆತಕ್ಕೂ ತೊಡೆ ತಟ್ಟಿ, "ಗುಡ್ ಬಾಲ್," ಎನ್ನುತ್ತಿದ್ದ. ಅದು ತಾನೇ ಎಂದು ಅವನಿಗೆ ತಿಳಿದಿತ್ತೋ ಇಲ್ಲವೋ. ಲೀಲಾ ಎದ್ದು ರಿಮೋಟ್ ತೆಗೆದುಕೊಂಡಳು. ಮಗನನ್ನು ನೋಡಿ, ಆರಿಸದೆ, ಹಾಗೇ ಹಿಡಿದು ನಿಂತಳು. ಹನ್ನೊಂದನೆಯ ಎಸೆತದವರೆಗೂ ನಿಂತಿದ್ದಳು.

ಅವರಿಬ್ಬರೂ ಹೋದ ಮೇಲೆ ಅವಳು ಲೋಟಗಳನ್ನು ಎತ್ತಿ ಸಿಂಕಿನಲ್ಲಿಟ್ಟಳು. ಗುರುರಾಜ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ.

"ಅಮ್ಮಂಗೆ ಹೇಳ್ಬೇಡಿ ಅಂದ," ಎಂದಳು ಅವನ ಕಡೆ ತಿರುಗದೆ. "ನೀವು ಹೇಳ್ಲಿಲ್ಲ. ಪ್ರತಿ ಶನಿವಾರ ಬಂದ್ರಿ, ಕಾಫಿ ಕುಡಿದ್ರಿ, ಹೇಳ್ಲಿಲ್ಲ."

"ತಪ್ಪಾತು ಅಕ್ಕಾರ. ನನ್ನಿಂದ—"

"ನಿಮ್ಮ ತಪ್ಪು ಕಟ್ಕೊಂಡು ನಾನೇನ್ ಮಾಡ್ಲಿ?" ನಲ್ಲಿ ತಿರುಗಿಸಿದಳು. ನೀರು ಬಿಸಿಯಾಗುವವರೆಗೆ ಕೈ ಒಡ್ಡಿ ನಿಂತಳು. "ನೀವಿದೀರಾ ಅಂತ ತಾನೇ ನಾನು ಅವ್ನನ್ನ ಕಳಿಸಿದ್ದು. ಇಲ್ದಿದ್ರೆ ಕಳಿಸ್ತಿದ್ನಾ?" ಒಂದು ಲೋಟ ತೊಳೆದಿಟ್ಟಳು. "ಬೂಟ್ ಹಾಕ್ಕೊಂಡು ಆಗ್ಲಿಂದ ಕೂತಿದಾನೆ. ಕರ್ಕೊಂಡು ಹೋಗಿ. ಕತ್ತಲಾಗೋಕೆ ಮುಂಚೆ ತಂದ್ಬಿಡಿ."

ತನಗೆ ಕೇಳಿಸಿದ್ದು ಸರಿಯೇ ಎಂದು ಅವನು ಅನುಮಾನಿಸಿದ. ಅವಳು ಈಗ ತಿರುಗಿದಳು.

"ಮುಂದಿನ ಶನಿವಾರಾನೂ ಬನ್ನಿ. ಅದರ ಮುಂದಿಂದಕ್ಕೂ ಬನ್ನಿ. ತಪ್ಪಿಸ್ಬೇಡಿ. ನಿಮ್ಮನ್ನ ಬಿಟ್ರೆ ಅವ್ನಿಗೆ ಬೇರೆ ಯಾರೂ ಬರೋಲ್ಲ. ಆದ್ರೆ ಒಳಗ್ ಬರ್ಬೇಡಿ."

ಆ ವಾರ ಗುರುರಾಜ ಹೆಂಡತಿಗೆ ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ಊಟಕ್ಕೇಳಿ ಎಂದಳು. ಲೀಗಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದ. ಹತ್ತು ದಿನದ ಮೇಲೆ ಉತ್ತರ ಬಂತು: ಪ್ರಾಮಾಣಿಕತೆಗೆ ಧನ್ಯವಾದಗಳು, ಆಗಿನ ನಿಯಮಗಳು ಈಗ ಬದಲಾಗಿವೆ, ಪ್ರಕರಣವನ್ನು ಮತ್ತೆ ತೆರೆಯುವ ಉದ್ದೇಶವಿಲ್ಲ. ಯಾರೂ ಅವನನ್ನು ಕರೆಸಲಿಲ್ಲ, ಏನೂ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಳ್ಳಲು ಅವನ ಬಳಿ ಅವರಿಗೆ ಸೇರಿದ್ದೇನೂ ಇರಲಿಲ್ಲ. ಆ ಡ್ರೈವ್ ಈಗಲೂ ಅವರ ಪುಟದಲ್ಲಿದೆ, ಜನ ನೋಡುತ್ತಾರೆ.

ಶನಿವಾರ ಮೂರಕ್ಕೆ ಸರಿಯಾಗಿ ಚಿರಂತನ್ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಬಾಗಿಲು ಮುಚ್ಚಿರುತ್ತದೆ. ಗುರುರಾಜ ಅವನ ಬಲಗೈಯನ್ನು ತನ್ನ ಮೊಣಕೈಗೆ ಸಿಕ್ಕಿಸಿಕೊಂಡು ಹೊರಡುತ್ತಾನೆ. ವಾಪಸು ತಂದು ಗಂಟೆ ಒತ್ತಿ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಒಂದು ಕೈ ಬಂದು ಮಗನನ್ನು ಒಳಗೆ ಕರೆದುಕೊಳ್ಳುತ್ತದೆ. ಆಗಸ್ಟಿನ ಒಂದು ಶನಿವಾರ ಬಸ್ಸಿಳಿಯುವಾಗಲೇ ಮಳೆ ಹಿಡಿದಿತ್ತು. ಇವತ್ತು ಬಾಗಿಲು ತೆರೆದು ಬೇಡ ಎನ್ನುತ್ತಾಳೆ, ಆ ಒಂದು ಮಾತಾದರೂ ಆಡಿಯಾಳು ಎಂದು ನೆನೆಯುತ್ತ ನಡೆದ. ಚಿರಂತನ್ ಸೂರಿನ ಕೆಳಗೆ ಮಳೆಕೋಟು ಹಾಕಿಕೊಂಡು ಕೂತಿದ್ದ. ಅವನ ಪಕ್ಕ ಗೋಡೆಗೆ ಒರಗಿಸಿ ಒಂದು ಕೊಡೆ ಇಟ್ಟಿತ್ತು. ಒಂದೇ. ಗುರುರಾಜ ಅದನ್ನು ಬಿಚ್ಚಿ ಹುಡುಗನ ತಲೆಯ ಮೇಲೆ ಹಿಡಿದು, ಹುಲ್ಲಿನ ಅಂಚಿನಲ್ಲಿ, ಕೊಡೆಯ ಹೊರಗೆ ನಡೆಯತೊಡಗಿದ. ಮೂಲೆ ತಿರುಗುವ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಕನ್ನಡಕದ ಮೇಲೆ ನೀರಿಳಿದು ಎದುರಿನದೇನೂ ಕಾಣುತ್ತಿರಲಿಲ್ಲ.